ಕೊಳೆರೋಗ ಹುಡುಕಿದರೆ ಕಾಫಿ ಬಂತು

ಮಳೆಗಾಲ ಬಂತು ಅಂದ್ರೆ ನಮ್ಮ ಮಲೆನಾಡಿನ ಕಡೆ ಎಲ್ಲರ ಫೋನಿನಲ್ಲೂ ಒಂದೇ ಪ್ರಶ್ನೆ: ‘ಅಡಿಕೆ ಉದುರುತ್ತಿದೆ, ಏನು ಮಾಡೋದು?’ ಗೂಗಲ್ ವಿಡಿಯೊಗಳ ರಾಶಿ ಹಾಕುತ್ತದೆ. ಅದರಲ್ಲಿ ಔಷಧಿ ಮಾರುವವರದ್ದೇ ಜಾಸ್ತಿ.

ನಾನು ಟೈಪ್ ಮಾಡುವ ಮೊದಲು ಒಂದು ಯೋಚನೆ ಮಾಡುತ್ತೇನೆ. ನನಗೆ ಬೇಕಾದ ಪುಟ ಬರೆದವರು ಯಾವ ಪದ ಹಾಕಿರಬಹುದು? ವಿಜ್ಞಾನಿಗಳು ‘ಉದುರುತ್ತಿದೆ’ ಅಂತ ಬರೆಯುವುದಿಲ್ಲ. ಮಜಾ ಅಂದ್ರೆ, ಅಡಿಕೆ ಕೊಳೆತು ಉದುರುವ ಈ ರೋಗಕ್ಕೆ ಅವರ ಇಂಗ್ಲಿಷ್ ಪ್ರಬಂಧಗಳಲ್ಲೂ ನಮ್ಮ ‘ಕೊಳೆರೋಗ’ ಅನ್ನುವ ಹೆಸರೇ ಇದೆ, ಇಂಗ್ಲಿಷ್ ಅಕ್ಷರದಲ್ಲಿ. ಆದರೆ ಅದೊಂದನ್ನೇ ಹಾಕಿದರೆ ಕಾಫಿ ಗಿಡದ ಕಪ್ಪು ಕೊಳೆಯೂ ಬರುತ್ತದೆ, ಅದಕ್ಕೂ ಅದೇ ಹೆಸರು! ಹಾಗಾಗಿ ಜೊತೆಗೆ ಅಡಿಕೆಯ ಇಂಗ್ಲಿಷ್ ಹೆಸರು ‘ಅರೆಕಾನಟ್’ ಸೇರಿಸಿ, ‘ಕಾಫಿ’ಯ ಮುಂಚೆ ಜಾಗ ಬಿಡದೆ ಮೈನಸ್ ಚಿಹ್ನೆ ಅಂಟಿಸಬೇಕು. ಕಾಫಿ ಅನ್ನುವ ಪದ ಇರುವ ಪುಟಗಳು ದೂರವಾಗುತ್ತವೆ. ಅಡಿಕೆ ನಡುವೆ ಕಾಫಿ ಹಾಕಿದ ತೋಟದ ಬಗ್ಗೆ ಯಾರೋ ಬರೆದ ಒಳ್ಳೆ ಪುಟವೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಮೈನಸ್ ತೆಗೆದು ಇನ್ನೊಮ್ಮೆ ನೋಡುವುದು ನನ್ನ ಅಭ್ಯಾಸ.

ಕನ್ನಡದಲ್ಲಿ ಹುಡುಕುವಾಗ ಕಾಗುಣಿತದ್ದೇ ತಲೆನೋವು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣದ ಹೆಸರೇ ನೋಡಿ: ಬೋರ್ಡೋ, ಬೋರ್ಡೊ, ಒಬ್ಬೊಬ್ಬರದ್ದು ಒಂದೊಂದು ಥರ. ಅಡಿಕೆಯ ಇನ್ನೊಂದು ರೋಗಕ್ಕೆ ‘ಎಲೆಚುಕ್ಕಿ’ ಅಂತ ಕೆಲವರು, ‘ಎಲೆಚುಕ್ಕೆ’ ಅಂತ ಕೆಲವರು. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಗೂಗಲ್ ಅಕ್ಷರಕ್ಕೆ ಅಕ್ಷರ ಹೊಂದಿಸಲು ನೋಡುತ್ತದೆ, ಇನ್ನೊಂದು ಥರ ಬರೆದದ್ದು ತಪ್ಪಿಹೋಗುತ್ತದೆ. ಎರಡನ್ನೂ ಬರೆದು ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆರ್’ (‘ಅಥವಾ’ ಅನ್ನುವ ಅರ್ಥದ್ದು) ಹಾಕಿ.

ಔಷಧಿ ಅಳತೆ ಬೇಕಾದಾಗ ಮಾತ್ರ ನಾನು ಸರ್ಕಾರಿ ತಾಣ ಬಿಟ್ಟು ಆಚೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ‘ಸೈಟ್’ ಬರೆದು, ಕೋಲನ್ ಹಾಕಿ, ಅದಕ್ಕೆ ಅಂಟಿಸಿ ‘ಜಿಒವಿ ಡಾಟ್ ಇನ್’. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಂಥವರ ಪುಟಗಳು ಆಗ ಮೇಲೆ ಬರುತ್ತವೆ. ಶೇ. 1ರ ಬೋರ್ಡೋಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನೇ ತಪ್ಪು ಹೇಳುವ ಪುಟವನ್ನು ನಾನು ಅಲ್ಲೇ ಮುಚ್ಚುತ್ತೇನೆ.

ಹಳೆಯದನ್ನು ಹುಡುಕಲು ಹೆಸರು ಮತ್ತು ಇಸವಿ ಸಾಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ಬರೆದಿದ್ದರು. ಕೋಲ್ಮನ್, ಕೊಳೆರೋಗ, 1910, ಇಷ್ಟೇ ಹಾಕಿ ನೋಡಿ.

ದೋಟಿಯಲ್ಲಿ, ಅಂದ್ರೆ ಉದ್ದ ಕೋಲಿನಲ್ಲಿ, ಔಷಧಿ ಹೊಡೆಯೋದು ಹೇಗೆ ಅಂತ ಕಲಿಯಬೇಕಾದರೆ ಇದ್ಯಾವುದೂ ಬೇಡ. ಸುಮ್ನೆ ಬಾಯಿಗೆ ಬಂದ ಹಾಗೆ ಕೇಳಿ, ಅದಕ್ಕೆ ವಿಡಿಯೊನೇ ಸರಿ.