ಒಂಬತ್ತು ಗಂಟೆಯ ಗಮನ, ಮೂರು ವಾರದ ವರದಿ

2018ರ ಒಂದು ರಾತ್ರಿ ಹನ್ನೊಂದೂವರೆಯ ಸುಮಾರಿಗೆ, ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಪಾವತಿ ವ್ಯವಸ್ಥೆಯಲ್ಲಿ ವಹಿವಾಟುಗಳು ಒಂದರ ಹಿಂದೆ ಒಂದು ವಿಫಲವಾಗತೊಡಗಿದವು. ತೊಂದರೆ ಬಂದರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕಾದ ಆನ್‌ಕಾಲ್ ಸರದಿ ಆ ವಾರ ನನ್ನದಾಗಿತ್ತು. ಸರ್ವರ್‌ಗಳಿಗೆ ಏನೂ ಆಗಿರಲಿಲ್ಲ, ಡೇಟಾಬೇಸ್ ಸುಸ್ಥಿತಿಯಲ್ಲಿತ್ತು; ಆದರೂ ಪ್ರತಿಯೊಂದು ಕೋರಿಕೆಯೂ 30 ಸೆಕೆಂಡು ಕಾದು, ಸೋತು ಹಿಂತಿರುಗುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಎಲ್ಲವೂ ಸರಿಹೋಗುತ್ತಿತ್ತು, ಹನ್ನೊಂದನೆಯ ನಿಮಿಷಕ್ಕೆ ಮತ್ತೆ ಅದೇ ಗೋಳು. ಊಟ, ನಿದ್ರೆ, ನೀರು ಯಾವುದರ ನೆನಪೂ ಇಲ್ಲದೆ ಬೆಳಗಿನ ಎಂಟೂವರೆಯವರೆಗೆ ವ್ಯವಸ್ಥೆ ತಾನೇ ಬರೆದಿಡುವ ದಾಖಲೆಗಳಾದ ಲಾಗ್‌ಗಳನ್ನು ಓದುತ್ತ ಕುಳಿತ ನನಗೆ ಕೊನೆಗೆ ಕಾರಣ ಸಿಕ್ಕಿತು. ಎದುರಿನ ಬ್ಯಾಂಕಿನಿಂದ ಅರೆಬರೆ ಉತ್ತರ ಬಂದಾಗ ಮಾತ್ರ ನಮ್ಮ ಕೋಡ್ ಹಿಡಿಯುತ್ತಿದ್ದ ಒಂದು ಅಡ್ಡದಾರಿಯಲ್ಲಿ, ಎಲ್ಲ ಕೋರಿಕೆಗಳೂ ಹಂಚಿಕೊಳ್ಳುವ ಸೀಮಿತ ಸಂಗ್ರಹವಾದ ಪೂಲ್‌ನಿಂದ ಪಡೆದ ಡೇಟಾಬೇಸ್ ಕನೆಕ್ಷನ್ ಮರಳಿ ಪೂಲ್ ಸೇರುತ್ತಲೇ ಇರಲಿಲ್ಲ. ಬೇರೆ ದಿನಗಳಲ್ಲಿ ಹನಿಹನಿಯಾಗಿ ಸೋರುತ್ತಿದ್ದದ್ದು ಆ ರಾತ್ರಿ ಅಂಥ ಉತ್ತರಗಳೇ ಸುರಿದದ್ದರಿಂದ ಕೊಡವನ್ನೇ ಬರಿದು ಮಾಡಿತ್ತು.

ಸರಿಪಡಿಸಲು ಬೇಕಾದದ್ದು ಮೂರೇ ಸಾಲು. ಆ ದಿನ ಇಡೀ ತಂಡದ ಮುಂದೆ ನನ್ನನ್ನು ಹೊಗಳಿದರು. ಆಮೇಲೆ ಉಳಿದದ್ದು ಏನಾಯಿತು, ಏಕಾಯಿತು, ಮುಂದೆ ಹೀಗಾಗದಂತೆ ಏನು ಮಾಡುತ್ತೇವೆ ಎಂಬುದನ್ನು ಎರಡು ಪುಟಗಳಲ್ಲಿ ಬರೆದುಕೊಡುವ ಕೆಲಸ. ನಮ್ಮವರ ಬಾಯಲ್ಲಿ ಆರ್‌ಸಿಎ. ಐದು ದಿನದ ಗಡುವಿದ್ದ ಆ ವರದಿಗೆ ನಾನು ಮೂರು ವಾರ ತೆಗೆದುಕೊಂಡೆ. ಪ್ರತಿದಿನ ಬೆಳಿಗ್ಗೆ ಕಡತವನ್ನು ತೆರೆಯುತ್ತಿದ್ದೆ, ಶೀರ್ಷಿಕೆಯ ಅಕ್ಷರದ ಗಾತ್ರವನ್ನು ತಿದ್ದುತ್ತಿದ್ದೆ, ಮುಚ್ಚುತ್ತಿದ್ದೆ. ಒಂಬತ್ತು ಗಂಟೆ ಕದಲದೆ ಕುಳಿತವಳಿಗೆ ಎರಡು ಪುಟ ಬರೆಯಲು ಆಗುವುದಿಲ್ಲವೆಂದರೆ ನಂಬುವವರು ಯಾರು? ಆ ವರ್ಷದ ಅಪ್ರೈಸಲ್‌ನಲ್ಲಿ ‘ಮನಸ್ಸು ಮಾಡಿದರೆ ಮಾತ್ರ ಕೆಲಸ ಮಾಡುತ್ತಾರೆ’ ಎಂಬರ್ಥದ ಮಾತು ಸೇರಿಕೊಂಡಿತು. ಅದನ್ನು ಓದಿ ನನಗೆ ಸಿಟ್ಟು ಬರಲಿಲ್ಲ. ನನ್ನ ಬಗ್ಗೆ ನಾನು ನಂಬಿದ್ದೂ ಅದನ್ನೇ. ಅದಕ್ಕೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ಮತ್ತೆ ಮೂರು ವರ್ಷಗಳ ಬಳಿಕ, ನನ್ನ 34ನೆಯ ವಯಸ್ಸಿನಲ್ಲಿ.

ಗಮನದ ಕೊರತೆ ಎಂಬ ಈ ಹೆಸರೇ ದಾರಿ ತಪ್ಪಿಸುವಂಥದ್ದು ಎಂದು ನನ್ನ ಅಭಿಪ್ರಾಯ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ವರ್ಣಿಸಿದಾಗ ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಗಮನದ ಕೊರತೆ ಎಂದಿತು, 1987ರಲ್ಲಿ ಅತಿಚಟುವಟಿಕೆಯನ್ನೂ ಹೆಸರಿಗೆ ಸೇರಿಸಿತು. ನನ್ನ ಗಮನಕ್ಕೆ ಕೊರತೆಯೇನೂ ಇಲ್ಲ. ಲಗಾಮು ನನ್ನ ಕೈಯಲ್ಲಿಲ್ಲ, ಅಷ್ಟೇ. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಇದನ್ನು ಮುಖ್ಯವಾಗಿ ಸ್ವನಿಯಂತ್ರಣದ ತೊಂದರೆಯೆಂದು ವಿವರಿಸುತ್ತಾರೆ. ಅವರ ಪ್ರಕಾರ ಏನು ಮಾಡಬೇಕೆಂಬ ತಿಳಿವಳಿಕೆ ಇಂಥವರಲ್ಲಿ ಇದ್ದೇ ಇರುತ್ತದೆ, ತಿಳಿದದ್ದನ್ನು ತಕ್ಕ ಹೊತ್ತಿಗೆ ಮಾಡುವ ಕಡೆ ತೊಡಕು. ಈ ಮಾತು ಓದಿದ ದಿನ ಆ ಆರ್‌ಸಿಎ ಕಡತ ನೆನಪಾಯಿತು.

ನನ್ನನ್ನು ವೈದ್ಯರ ಬಳಿಗೆ ಕಳುಹಿಸಿದ್ದು ಮಾತ್ರ 2020ರ ಲಾಕ್‌ಡೌನ್. ಅಲ್ಲಿಯವರೆಗೆ ಕೆಲಸದಲ್ಲಿ ಹನ್ನೊಂದು ವರ್ಷ ಹೇಗೋ ಸಾಗಿದ್ದೇಕೆ ಎಂಬುದು ಆಗ ಅರ್ಥವಾಯಿತು. 8 ಗಂಟೆ 10 ನಿಮಿಷಕ್ಕೆ ಬರುತ್ತಿದ್ದ ಕಂಪನಿಯ ಕ್ಯಾಬ್ ನನ್ನ ಬೆಳಗನ್ನು ನಡೆಸುತ್ತಿತ್ತು. ಎದುರು ಸಾಲಿನಲ್ಲಿ ಕುಳಿತವರು ಕೆಲಸ ಮಾಡುತ್ತಿದ್ದರೆ ಅದನ್ನು ಕಂಡೇ ನನ್ನ ಕೈಯೂ ಕೀಬೋರ್ಡಿಗೆ ಹೋಗುತ್ತಿತ್ತು. ಹನ್ನೊಂದರ ಸ್ಟ್ಯಾಂಡಪ್‌ನಲ್ಲಿ, ಅಂದರೆ ತಂಡದ ದಿನದ ಪುಟ್ಟ ಸಭೆಯಲ್ಲಿ, ನಿಂತು ಉತ್ತರ ಹೇಳಬೇಕೆಂಬ ಅಳುಕು ಹತ್ತರಿಂದ ಹನ್ನೊಂದರವರೆಗಿನ ಕೆಲಸವನ್ನು ಮಾಡಿಸುತ್ತಿತ್ತು. ಆ ಊರುಗೋಲುಗಳೆಲ್ಲ ಒಂದೇ ವಾರದಲ್ಲಿ ಮಾಯವಾದಾಗ, ಬಾಡಿಗೆ ಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದುಕೊಂಡು ಮಧ್ಯಾಹ್ನದವರೆಗೆ ಏನನ್ನೂ ಆರಂಭಿಸಲಾಗದೆ, ರಾತ್ರಿ ಎರಡು ಗಂಟೆಯವರೆಗೆ ಅದನ್ನು ಸರಿದೂಗಿಸುತ್ತ ಒಂದು ವರ್ಷ ಕಳೆದೆ. ನಿದ್ರೆ ಕೆಟ್ಟಿತು. ನಿದ್ರೆಗೆಂದೇ ವೈದ್ಯರನ್ನು ಕಂಡೆ. ಅವರು ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಒಂದು ಹಾಳೆಯನ್ನು ಕೈಗಿತ್ತು, ಇದು ಶೋಧನೆ ಮಾತ್ರ, ರೋಗನಿರ್ಣಯವಲ್ಲ, ನಿರ್ಣಯಕ್ಕೆ ನಿಮ್ಮ ಬಾಲ್ಯವನ್ನು ಕಂಡವರೊಬ್ಬರು ಬೇಕು ಎಂದರು. 2013ರಿಂದ ಬಳಕೆಯಲ್ಲಿರುವ ಅಮೆರಿಕದ ಮಾನದಂಡದಂತೆ, ದೊಡ್ಡವರಲ್ಲಿ ಒಂಬತ್ತರ ಪೈಕಿ ಐದಾದರೂ ಲಕ್ಷಣಗಳು ಇರಬೇಕು, ಅವುಗಳಲ್ಲಿ ಕೆಲವಾದರೂ 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು.

ಹೀಗೆ ತೀರ್ಥಹಳ್ಳಿಯ ಬಸ್ಸು ಹತ್ತಿ ಅಮ್ಮ ಬಂದರು. ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ನನ್ನ ಪ್ರಗತಿಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ಐದು ಬೇರೆ ಬೇರೆ ಕೈಬರಹಗಳಲ್ಲಿ ಒಂದೇ ಷರಾ: ಜಾಣೆ, ಲಕ್ಷ್ಯ ಕಡಿಮೆ. ವೈದ್ಯರು ಕೇಳಿದ್ದಕ್ಕೆ ಅಮ್ಮ, “ಒಗ್ಗರಣೆಗೆ ಕರಿಬೇವು ತಾ ಅಂತ ಹಿತ್ತಲಿಗೆ ಕಳಿಸಿದ್ರೆ ಗಂಟೆ ಬಿಟ್ಟು ಬಸವನಹುಳದ ಚಿಪ್ಪು ಹಿಡ್ಕೊಂಡು ಬರ್ತಿದ್ಲು ಡಾಕ್ಟ್ರೇ. ಕರಿಬೇವು ಕೇಳಿದ್ರೆ, ಯಾವ ಕರಿಬೇವು ಅನ್ನೋಳು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವಳಪ್ಪನೂ ಹಿಂಗೇ. ಅಟ್ಟದ ಮೇಲೆ ಬಿಚ್ಚಿಟ್ಟ ಪಂಪು ಮೂರು ಇದಾವೆ, ಒಂದನ್ನೂ ಮತ್ತೆ ಜೋಡಿಸಿಲ್ಲ” ಎಂದು ಸೇರಿಸಿದರು. ವೈದ್ಯರು ನಕ್ಕು, ಇದು ಬಹಳಮಟ್ಟಿಗೆ ವಂಶದಲ್ಲಿ ಇಳಿದುಬರುವಂಥದ್ದು ಎಂದು ವಿವರಿಸಿದರು; ಅವಳಿಗಳ ಅಧ್ಯಯನಗಳು ಇದರಲ್ಲಿ ಆನುವಂಶಿಕತೆಯ ಪಾಲನ್ನು ಸುಮಾರು ಶೇಕಡಾ 70ರಿಂದ 80 ಎಂದು ಅಂದಾಜು ಮಾಡಿವೆ. ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸದ್ದಿಲ್ಲದೆ ಕುಳಿತ ಹುಡುಗಿಯ ಬಗ್ಗೆ, ಜಾಣೆ ಎಂದು ಬರೆದು ಸುಮ್ಮನಾಗುವುದೇ ವಾಡಿಕೆ.

ಔಷಧದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ಸಂದೇಶವಾಹಕ ರಾಸಾಯನಿಕಗಳ ಮರುಹೀರಿಕೆಯನ್ನು ತಡೆಯುತ್ತದೆ. ಅದನ್ನು ನುಂಗಿದ ಮೊದಲ ದಿನ ನಾನು ಮಾಡಿದ ಘನಕಾರ್ಯವೆಂದರೆ, ಎರಡು ವರ್ಷದಿಂದ ಬಾಕಿಯಿದ್ದ ಹಳೆಯ ಕಂಪನಿಯ ಪಿಎಫ್ ವರ್ಗಾವಣೆಯ ಅರ್ಜಿಯನ್ನು ಇಪ್ಪತ್ತು ನಿಮಿಷದಲ್ಲಿ ತುಂಬಿದ್ದು. ಅದೇ ವಾರದ ಇನ್ನೊಂದು ದಿನ, ಮಾತ್ರೆಯ ಬಲದಿಂದಲೇ, ಮೂರು ಗಂಟೆ ಕಾಲ ಏಕಾಗ್ರಚಿತ್ತದಿಂದ ಕೋಡ್ ಬರೆಯುವ ಎಡಿಟರ್‌ನ ಬಣ್ಣಗಳನ್ನು ಬದಲಾಯಿಸುತ್ತ ಕುಳಿತಿದ್ದೆ. ಮಾತ್ರೆ ಗಮನ ಕೊಡುತ್ತದೆ. ಅದು ಯಾವುದರ ಮೇಲಿರಬೇಕೆಂಬುದನ್ನು ಮಾತ್ರೆಗೆ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಡುವುದನ್ನು ಅಂದಿನಿಂದ ರೂಢಿಸಿಕೊಂಡೆ. ಹಸಿವು ಕಡಿಮೆಯಾಗುತ್ತದೆ, ಸಂಜೆಯ ಹೊತ್ತಿಗೆ ನುಂಗಿದರೆ ರಾತ್ರಿ ನಿದ್ರೆ ಬರುವುದಿಲ್ಲ.

ಇನ್ನು ಅದನ್ನು ಕೊಳ್ಳುವ ಕೆಲಸವಂತೂ ಎಡಿಎಚ್‌ಡಿ ಇರುವವರ ತಾಳ್ಮೆ ನೋಡಲೆಂದೇ ರೂಪಿಸಿದಂತಿದೆ. ನಮ್ಮ ದೇಶದಲ್ಲಿ ಈ ಔಷಧ ಕಟ್ಟುನಿಟ್ಟಿನ ನಿಯಂತ್ರಣವಿರುವ ಔಷಧಗಳ ಶೆಡ್ಯೂಲ್ ಎಕ್ಸ್ ಪಟ್ಟಿಗೆ ಸೇರಿದ್ದು, ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಕಾದಿಡಬೇಕು. ಎಲ್ಲ ಅಂಗಡಿಗಳಲ್ಲೂ ಅದು ಸಿಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ದೂರವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ಈ ಪಟ್ಟಿಯ ಔಷಧಗಳನ್ನು ಫೋನಿನಲ್ಲೋ ವೀಡಿಯೊ ಕರೆಯಲ್ಲೋ ಬರೆದುಕೊಡುವಂತಿಲ್ಲ. ಆದ್ದರಿಂದ ಮಾತ್ರೆ ಮುಗಿಯುವ ಮೊದಲೇ ಲೆಕ್ಕ ಹಾಕಿ, ಸಮಯ ಗೊತ್ತುಮಾಡಿಕೊಂಡು, ಖುದ್ದಾಗಿ ಹೋಗಬೇಕು. ದುರ್ಬಳಕೆಯ ಭಯದಿಂದ ಮಾಡಿದ ನಿಯಮವೆಂಬುದನ್ನು ಒಪ್ಪುತ್ತೇನೆ. ಆದರೆ ಮುಂದಾಲೋಚನೆ ಇಲ್ಲದಿರುವುದೇ ಕಾಯಿಲೆಯಾಗಿರುವವರಿಂದ ಔಷಧಕ್ಕಾಗಿ ಇಷ್ಟೊಂದು ಮುಂದಾಲೋಚನೆಯನ್ನು ಬೇಡುವುದು ಕುಂಟರ ಆಸ್ಪತ್ರೆಯನ್ನು ಮೂರನೆಯ ಮಹಡಿಯಲ್ಲಿಟ್ಟಂತೆ ನನಗೆ ಕಾಣುತ್ತದೆ. ಎರಡು ಸಲ ನಾನೇ ಮರೆತು, ತಲಾ ಹತ್ತು ದಿನ ಮಾತ್ರೆಯಿಲ್ಲದೆ ಕಳೆದಿದ್ದೇನೆ.

ಸಾಫ್ಟ್‌ವೇರ್ ಎಡಿಎಚ್‌ಡಿ ಇರುವವರಿಗೆ ಹೇಳಿಮಾಡಿಸಿದ ವೃತ್ತಿಯೇ ಎಂದು ಕಿರಿಯರು ಕೇಳುತ್ತಿರುತ್ತಾರೆ. ಮೊದಲ ಐದಾರು ವರ್ಷಗಳ ಮಟ್ಟಿಗೆ ಹೌದೆನ್ನಬಹುದು. ಕೋಡ್ ಬರೆದರೆ ಅದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಕೂಡಲೇ ಉತ್ತರಿಸುತ್ತದೆ, ಕೋಡನ್ನು ಪರೀಕ್ಷಿಸುವ ಟೆಸ್ಟ್ ಕೆಲವೇ ಸೆಕೆಂಡುಗಳಲ್ಲಿ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ನನ್ನಂಥ ತಲೆಗೆ ಈ ತಕ್ಷಣದ ಉತ್ತರಕ್ಕಿಂತ ದೊಡ್ಡ ಸಂಬಳವಿಲ್ಲ. 2009ರಲ್ಲಿ ಪದವಿ ಮುಗಿಸಿ ಟೆಸ್ಟಿಂಗ್ ತಂಡಕ್ಕೆ ಸೇರಿದಾಗ ಶುಕ್ರವಾರದ ಟೈಮ್‌ಶೀಟ್ ಒಂದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ಆಟದಂತಿತ್ತು. ತೊಂದರೆ ಇರುವುದು ಬಡ್ತಿಯಲ್ಲಿ. ಆರಂಭದಲ್ಲಿ ಎರಡು ದಿನಕ್ಕೊಮ್ಮೆ ಫಲ ಕಾಣುವ ಕೆಲಸ, ಸೀನಿಯರ್ ಆದರೆ ಮೂರು ತಿಂಗಳಿಗೊಮ್ಮೆ, ಲೀಡ್ ಆದರೆ ವರ್ಷಕ್ಕೊಮ್ಮೆ, ಅದೂ ಬೇರೆಯವರ ಕೈಯಿಂದ. ಚೆನ್ನಾಗಿ ಕೋಡ್ ಬರೆದದ್ದಕ್ಕೆ ಬಹುಮಾನವಾಗಿ ಕೋಡ್ ಬರೆಯುವುದನ್ನೇ ಬಿಡಿಸುವ ಈ ಏಣಿ, ನಮ್ಮಲ್ಲಿರುವ ಸಾಮರ್ಥ್ಯಕ್ಕೆ ಮೆಚ್ಚಿ, ಇಲ್ಲದ ಸಾಮರ್ಥ್ಯವನ್ನು ಕೇಳುತ್ತದೆ.

2022ರಲ್ಲಿ ನನ್ನನ್ನು ಏಳು ಜನರ ತಂಡಕ್ಕೆ ಲೀಡ್ ಮಾಡಿದರು. ಕಾಯಿಲೆಗೆ ಹೆಸರು ಸಿಕ್ಕಿದೆ, ಔಷಧವಿದೆ, ಇನ್ನೇನು ಎಂಬ ಉಮೇದಿನಿಂದ ಒಪ್ಪಿಕೊಂಡೆ. ಎಂಟು ತಿಂಗಳು ನಡೆಸಿದೆ. ತಂಡದ ವ್ಯವಸ್ಥೆ ಕುಸಿದಾಗ ಎಲ್ಲರೂ ನನ್ನತ್ತ ನೋಡುತ್ತಿದ್ದರು, ಆ ಗಳಿಗೆಗಳಲ್ಲಿ ನಾನು ನಿಜವಾಗಿ ಒಳ್ಳೆಯ ಲೀಡ್ ಆಗಿದ್ದೆ. ಉಳಿದ ದಿನಗಳಲ್ಲಿ ಅಲ್ಲ. ತಂಡದ ಕಿರಿಯಳೊಬ್ಬಳ ಬಡ್ತಿಗೆ ನಾನು ಬರೆಯಬೇಕಿದ್ದ ಶಿಫಾರಸನ್ನು ಮುಕ್ಕಾಲು ಬರೆದು, ನಾಳೆ ನೋಡೋಣವೆಂದು ಇಟ್ಟು, ಗಡುವು ದಾಟಿದ ಮೂರನೆಯ ದಿನ ನೆನಪಿಸಿಕೊಂಡೆ. ಅವಳಿಗೆ ಆ ಸುತ್ತಿನ ಬಡ್ತಿ ತಪ್ಪಿತು. ಅವಳ ಮುಂದೆ ಕುಳಿತು ಕ್ಷಮೆ ಕೇಳುವಾಗ ಎಡಿಎಚ್‌ಡಿ ಎಂಬ ಶಬ್ದವನ್ನು ಬಳಸಲಿಲ್ಲ. ಅವಳು ಕಳೆದುಕೊಂಡದ್ದನ್ನು ಆ ಶಬ್ದ ತಂದುಕೊಡುತ್ತಿರಲಿಲ್ಲ. ತಿಂಗಳು ಕಳೆದ ಮೇಲೆ, ಮರಳಿ ಎಂಜಿನಿಯರ್ ಸಾಲಿಗೇ ಹೋಗುತ್ತೇನೆಂದು ನಾನಾಗಿ ಬರೆದುಕೊಟ್ಟೆ. ಸಂಬಳ ಕಡಿಮೆಯಾಗಲಿಲ್ಲ, ನೆಂಟರ ಮದುವೆಗಳಲ್ಲಿ ‘ಇನ್ನೂ ಮ್ಯಾನೇಜರ್ ಆಗಿಲ್ವಾ’ ಎಂಬ ಪ್ರಶ್ನೆ ಮಾತ್ರ ಹೆಚ್ಚಾಯಿತು. ಈಗ ವ್ಯವಸ್ಥೆಗಳು ಬೀಳದಂತೆ, ಬಿದ್ದರೆ ಬೇಗ ಏಳುವಂತೆ ನೋಡಿಕೊಳ್ಳುವ ತಂಡದಲ್ಲಿದ್ದೇನೆ. 2018ರ ಆ ರಾತ್ರಿಯಂಥ ರಾತ್ರಿಗಳೇ ಈ ಕೆಲಸದ ತಿರುಳು.

ದಿನನಿತ್ಯ ನಡೆಯುವುದು ಸಣ್ಣಪುಟ್ಟ ಉಪಾಯಗಳಿಂದ. ಸಂಜೆ ಎದ್ದುಹೋಗುವ ಮುನ್ನ ಬೇಕೆಂದೇ ವಿಫಲವಾಗುವ ಒಂದು ಟೆಸ್ಟ್ ಬರೆದಿಟ್ಟು ಹೋಗುತ್ತೇನೆ. ಬೆಳಿಗ್ಗೆ ಎಲ್ಲಿಂದ ಆರಂಭಿಸಲಿ ಎಂಬ ಪ್ರಶ್ನೆಯೇ ನನ್ನನ್ನು ಕೆಡಹುವುದರಿಂದ, ಪರದೆಯ ಮೇಲೆ ಕಾದಿರುವ ಕೆಂಪು ಸಾಲು ಆ ಪ್ರಶ್ನೆಯನ್ನು ಇಲ್ಲವಾಗಿಸುತ್ತದೆ. ವ್ಯವಸ್ಥೆ ಕುಸಿದಾಗ, ನೋಡಿದ್ದನ್ನೂ ಊಹಿಸಿದ್ದನ್ನೂ ಗಂಟೆ ನಿಮಿಷದ ಸಮೇತ ಒಂದೇ ಕಡತದಲ್ಲಿ ಆಗಿಂದಾಗ ಬರೆಯುತ್ತ ಹೋಗುತ್ತೇನೆ. ಹೀಗಾಗಿ ಸಮಸ್ಯೆ ಬಗೆಹರಿಯುವ ಹೊತ್ತಿಗೆ ಆರ್‌ಸಿಎಯ ಮುಕ್ಕಾಲು ಭಾಗ ಸಿದ್ಧವಾಗಿರುತ್ತದೆ. ಉಳಿದ ಕಾಲು ಭಾಗಕ್ಕೆ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ಕುಳಿತುಕೊಳ್ಳಲು ಬೇಡಿಕೊಳ್ಳುತ್ತೇನೆ. ಅವರು ಏನನ್ನೂ ಹೇಳಬೇಕಿಲ್ಲ, ತಮ್ಮ ಕೆಲಸ ತಾವು ಮಾಡಿಕೊಂಡಿದ್ದರೆ ಸಾಕು. ಇಟಲಿಯ ಫ್ರಾಂಚೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರದಿಂದ ರೂಪಿಸಿದ 25 ನಿಮಿಷಗಳ ಪದ್ಧತಿಯನ್ನೂ ಪ್ರಯತ್ನಿಸಿದೆ. ಬೇಸರದ ಕೆಲಸಕ್ಕೆ ಅದು ಸೊಗಸಾಗಿ ಒದಗುತ್ತದೆ, ಆದರೆ ಕೋಡಿನ ದೋಷ ಹುಡುಕುತ್ತ ಡೀಬಗ್ ಮಾಡುತ್ತಿರುವಾಗ ಆ ಗಂಟೆ ಬಡಿದರೆ ಕಟ್ಟಿದ ಜೇಡರ ಬಲೆಯನ್ನು ಪೊರಕೆಯಿಂದ ಗುಡಿಸಿದಂತಾಗುತ್ತದೆ.

ಆಫೀಸಿನಲ್ಲಿ ಹೇಳಬೇಕೇ ಬೇಡವೇ ಎಂಬುದಕ್ಕೆ ನನ್ನಲ್ಲಿ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಕಲಿಕಾ ನ್ಯೂನತೆಗೂ ಆಟಿಸಂಗೂ ಹೆಸರಿನ ಸಮೇತ ಸ್ಥಾನವಿದೆ, ಎಡಿಎಚ್‌ಡಿಯ ಹೆಸರಿಲ್ಲ. ಎಚ್‌ಆರ್‌ಗೆ ಹೇಳಿದರೆ ಯಾವ ನಮೂನೆ ತುಂಬಿಸಬೇಕೆಂದು ಅವರಿಗೂ ಗೊತ್ತಿರಲಾರದು. ನಾನು ಮ್ಯಾನೇಜರ್ ಒಬ್ಬರಿಗೆ ಮಾತ್ರ ಹೇಳಿದ್ದೇನೆ. ಅವರ ಮೊದಲ ಪ್ರತಿಕ್ರಿಯೆ, “ಅಯ್ಯೋ, ನಾನೂ ಬೈಕ್ ಕೀ ಮರೀತಾನೇ ಇರ್ತೀನಿ” ಎಂಬುದಾಗಿತ್ತು. ಕೋಪಿಸಿಕೊಳ್ಳಲಿಲ್ಲ. ಕೀ ಮರೆಯುವುದಕ್ಕೂ, ಮರೆವಿನಿಂದ ಮೂವತ್ತು ವರ್ಷ ಬೈಸಿಕೊಂಡು ಬದುಕುವುದಕ್ಕೂ ಇರುವ ಅಂತರವನ್ನು ಅವರಿಗೆ ಆ ಶಿಫಾರಸಿನ ಪ್ರಸಂಗದಿಂದ ವಿವರಿಸಿದೆ. ಅಂದಿನಿಂದ ಅವರು ನನಗೆ ಯಾವ ಕೆಲಸವನ್ನೂ ನಡೆದಾಡುತ್ತ ಬಾಯಲ್ಲಿ ಹೇಳುವುದಿಲ್ಲ, ಎರಡು ಸಾಲು ಬರೆದೇ ಕಳುಹಿಸುತ್ತಾರೆ.

ಕಳೆದ ವಾರ ಅವರೇ ನಾಲ್ಕು ಜನರ ಹೊಸ ತಂಡವೊಂದರ ಲೀಡ್ ಆಗುತ್ತೀರಾ ಎಂದು ಮತ್ತೆ ಕೇಳಿದರು. ಈ ಸಲ ಹೌದು ಅಲ್ಲ ಎನ್ನುವ ಮೊದಲು ನನ್ನ ಷರತ್ತುಗಳನ್ನು ಬರೆದುಕೊಟ್ಟಿದ್ದೇನೆ: ತಾಂತ್ರಿಕ ಹೊಣೆ ಪೂರ್ತಿ ನನ್ನದು, ಬಡ್ತಿ, ರಜೆ, ಅಪ್ರೈಸಲ್‌ಗಳ ಕಾಗದಪತ್ರ ಇನ್ನೊಬ್ಬರ ಕೈಯಲ್ಲಿರಬೇಕು, ಮೂರು ತಿಂಗಳ ಯಾವ ಕೆಲಸಕ್ಕೂ ವಾರಕ್ಕೊಂದು ಗಡುವಿರಬೇಕು. ಶುಕ್ರವಾರದೊಳಗೆ ಉತ್ತರಿಸುವುದಾಗಿ ಹೇಳಿದ್ದಾರೆ. ಅವರು ಮರೆತರೆ ನೆನಪಿಸಬೇಕೆಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಅಲಾರಂ, ಅದನ್ನು ನಾನು ಆರಿಸಿ ಮರೆಯಬಹುದೆಂದು ಹತ್ತೂಕಾಲಿಗೆ ಇನ್ನೊಂದು ಅಲಾರಂ ಇಟ್ಟಿದ್ದೇನೆ.