ಪ್ಲಸ್ ಮೂರು

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಲು ಶುರು ಮಾಡಿ 14 ವರ್ಷ ಆಯ್ತು. ಸ್ಟೇಜ್ ಮೇಲಿದ್ದಾಗ ಕರೆಂಟ್ ಹೋಗಿದೆ, ಮಳೆ ಬಂದಿದೆ, ಜಗಳೂರು ಕಡೆ ಒಂದು ಸಲ ಹೋರಿಯೇ ಬಂದಿದೆ. ಅವೆಲ್ಲ ಹೇಳಿಕೊಂಡು ನಗುವ ಕಥೆಗಳು. ಈ ಸಲದ ಗಣಪತಿ ಸೀಸನ್ನಿನದು ಮಾತ್ರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಯಾಕಂದ್ರೆ ಇಲ್ಲಿ ಹೋರಿ ನಾನೇ.

ಹಿಂದಿನ ರಾತ್ರಿ ಹಿರಿಯೂರು ಕಡೆ ಪ್ರೋಗ್ರಾಂ ಇತ್ತು. ಹತ್ತಕ್ಕೆ ಹಾಡು ನಿಂತಿತು. ಬಾಕಿ ದುಡ್ಡು ಮಾತ್ರ ಬರಲಿಲ್ಲ. "ಪಟ್ಟಿ ದುಡ್ಡು ಎಣಿಸ್ತಾ ಇದೀವಿ, ಐದೇ ನಿಮಿಷ" ಅಂತ ಹೇಳಿ ಕಮಿಟಿಯವರು ರಾತ್ರಿ ಒಂದು ಗಂಟೆವರೆಗೆ ಕೂರಿಸಿದರು. ನಮ್ಮ ಓನರ್‌ಗೆ ಅವರ ಹತ್ತಿರ ಜೋರು ಮಾಡುವ ಧೈರ್ಯ ಇಲ್ಲ. ಅದೆಲ್ಲ ನಮ್ಮ ಮೇಲೆ ಮಾತ್ರ. ಅಲ್ಲಿಂದ ದಾವಣಗೆರೆಗೆ ಸುಮಾರು 100 ಕಿಲೋಮೀಟರ್. ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಟೆಂಪೋ ಓಡಿಸುವವನು ನಮ್ಮ ರಿದಂ ಪ್ಯಾಡ್ ನುಡಿಸುವ ಹುಡುಗನೇ. ಬೆಳಿಗ್ಗೆ ಆರಕ್ಕೆ ಎದ್ದವನು. ಅವನ ಪಕ್ಕ ಕೂತು ಸುಮ್ನೆ ಏನಾದರೂ ಮಾತಾಡುತ್ತಾ ಇರುವುದು ನನ್ನ ಡ್ಯೂಟಿ.

ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲೇ ನಿದ್ದೆಗೆಟ್ಟರೆ ಏನಾಗುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರಂತೆ. 17 ಗಂಟೆ ಎದ್ದೇ ಇದ್ದವನ ಕೈ, ಕಣ್ಣು, ತಲೆ, ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇರುವವನ ಹಾಗೆ ಕೆಲಸ ಮಾಡುತ್ತವೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಇರುವ ಮಿತಿ 30. ಅಂದ್ರೆ ಪೊಲೀಸರು ಊದಿಸಿದರೆ ಮೆಷಿನ್ನಿನಲ್ಲಿ ಏನೂ ಬರುವುದಿಲ್ಲ, ತಲೆ ಮಾತ್ರ ಕುಡಿದವನದ್ದೇ. ಇದನ್ನು ನಾನು ಓದಿದ್ದು ಆಮೇಲೆ. ಆ ರಾತ್ರಿ ಓದಿದ್ದರೆ ಟೆಂಪೋ ಇಳಿದು ನಡೆದೇ ಬರುತ್ತಿದ್ದೆನೋ ಏನೋ.

ಗೋಡೌನ್‌ನಲ್ಲಿ ಸಾಮಾನು ಇಳಿಸಿ ಮನೆ ಸೇರಿದಾಗ ನಾಲ್ಕೂವರೆ. ಏಳಕ್ಕೆ ಎದ್ದೆ, ಮಗಳ ಸ್ಕೂಲ್ ವ್ಯಾನ್. ಅವಳನ್ನು ಹತ್ತಿಸಿ ಬಂದು ಮತ್ತೆ ಮಲಗಬಹುದಿತ್ತು. ಮಲಗಲಿಲ್ಲ. ಸೀಸನ್ನಿನಲ್ಲಿ ನಿದ್ದೆ ಬೇಕು ಅನ್ನುವವನು ಆರ್ಟಿಸ್ಟೇ ಅಲ್ಲ ಅನ್ನುವ ಒಣ ಜಂಬ ನಮ್ಮವರಲ್ಲಿ ಇದೆ. ನನಗೆ ಅದು ಎಲ್ಲರಿಗಿಂತ ಜಾಸ್ತಿ. ಒಂಬತ್ತಕ್ಕೆ ಇಬ್ಬರು ಹುಡುಗರಿಗೆ ಕೀಬೋರ್ಡ್ ಕ್ಲಾಸ್. ಹನ್ನೊಂದಕ್ಕೆ ಎರಡು ಬೆಣ್ಣೆ ದೋಸೆ. ಅದನ್ನು ತಿಂದ ಮೇಲೆ ಕಣ್ಣು ಎಳೆಯುತ್ತದೆ ಅನ್ನುವುದು ದಾವಣಗೆರೆಯ ಮಗುವಿಗೂ ಗೊತ್ತು. ಆಗಲಾದರೂ ಚಾಪೆ ಹಾಸಬೇಕಿತ್ತು. ಅಷ್ಟರಲ್ಲಿ ಓನರ್ ಫೋನ್: "ಮೂರಕ್ಕೆ ಸೌಂಡ್ ಚೆಕ್, ಲೇಟಾದ್ರೆ ಪೇಮೆಂಟ್ ಕಟ್."

ಮೂರಕ್ಕೆ ಹೋದೆವು. ಸೌಂಡ್‌ನವರು ಬಂದಿದ್ದು ಐದಕ್ಕೆ.

ನುಡಿಸಿ ಸುಸ್ತಾದವರನ್ನು ನಾನು ಅಷ್ಟಾಗಿ ಕಂಡಿಲ್ಲ. ಕಾದು ಸುಸ್ತಾಗುವವರೇ ಎಲ್ಲ. ಪ್ಲಾಸ್ಟಿಕ್ ಕುರ್ಚಿ, ಪೆಂಡಾಲಿನ ಸೆಕೆ, ಕಿವಿ ಪಕ್ಕದಲ್ಲೇ ಸ್ಪೀಕರ್. ಬ್ಯಾನರ್ ಮೇಲೆ ಸಂಜೆ ಏಳಕ್ಕೆ ರಸಮಂಜರಿ ಅಂತ ಇತ್ತು. ಮುಖ್ಯ ಅತಿಥಿಗಳು ಎಂಟಾದರೂ ಬಂದಿರಲಿಲ್ಲ. ಅವರು ಬಂದ ಮೇಲೆ ಸ್ವಾಗತ, ಭಾಷಣ, ಹನ್ನೆರಡು ಜನಕ್ಕೆ ಶಾಲು. ಹೊತ್ತು ಕಳೆಯಲು ನಾನು ಟೀ ಕುಡಿದೆ. ಮೂರಕ್ಕೆ ಒಂದು, ನಾಲ್ಕಕ್ಕೆ ಒಂದು, ಹೀಗೆ ಏಳರೊಳಗೆ ಐದಾಯಿತು. ಆರಕ್ಕೆ ಕಮಿಟಿಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ಬಿಸಿ ಇತ್ತು. ನಾಲ್ಕು ತಿಂದೆ.

ನಮ್ಮ ಗಾಯಕರಿಗೆ 55 ವಯಸ್ಸು. ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಅವರದೇ ಒಂದು ಶಾಸ್ತ್ರ ಇದೆ. ಮಧ್ಯಾಹ್ನ ಎರಡು ಗಂಟೆ ಮಲಗಿಯೇ ಬರುತ್ತಾರೆ. ಐದರೊಳಗೆ ಎರಡು ಚಪಾತಿ, ಪಲ್ಯ. ಆಮೇಲೆ ಹಾಡು ಮುಗಿಯುವವರೆಗೆ ಒಂದು ಬಾಳೆಹಣ್ಣು ಬಿಟ್ಟರೆ ಏನೂ ಇಲ್ಲ. ಕರಿದದ್ದನ್ನು ತಿಂದು ಹಾಡಲು ನಿಂತರೆ ಹುಳಿ ಗಂಟಲಿಗೆ ಬರುತ್ತದೆ ಅನ್ನುತ್ತಾರೆ. ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು, ಗುಟುಕು ಗುಟುಕಾಗಿ. ಸ್ಟೇಜ್ ಹತ್ತುವ ಒಂದು ಗಂಟೆ ಮೊದಲಿಂದ ಮಾತು ಬಂದ್, ಪಿಸುಮಾತೂ ಇಲ್ಲ. ಏನು ಕೇಳಿದರೂ ಕೈಸನ್ನೆ. ಅವತ್ತು ತಬಲಾ ಪೆಟ್ಟಿಗೆಗಳ ಹಿಂದೆ ಟಾರ್ಪಾಲ್ ಹಾಸಿಕೊಂಡು, ಕಿವಿಗೆ ಹತ್ತಿ ಇಟ್ಟು ಒರಗಿದ್ದರು. ನಾನು ಮೆಣಸಿನಕಾಯಿ ಕಚ್ಚುತ್ತಾ, "ಏನಣ್ಣಾ, ಬಾಣಂತಿ ಥರ ಮಲಗಿದೀರಿ" ಅಂದೆ. ಎಲ್ಲರೂ ನಕ್ಕರು. ಅವರು ಮಾತಾಡಲಿಲ್ಲ, ಎರಡು ಬೆರಳಲ್ಲಿ ಕಣ್ಣು ಮುಚ್ಚಿ ತೋರಿಸಿದರು. ನೀನೂ ಮಲಗು ಅಂತ.

ಎಂಟಕ್ಕೆ ಟೀ ಕೈಕೊಟ್ಟಿತು. ಐದು ಲೋಟ ಕುಡಿದರೂ ತಲೆ ಭಾರ, ಕೈ ಮಾತ್ರ ಸಣ್ಣಗೆ ನಡುಗುತ್ತಿತ್ತು. ಐದು ನಿಮಿಷ ಒರಗೋಣ ಅಂತ ಟೆಂಪೋ ಹತ್ತಿದೆ. ಅಲಾರಂ ಇಡಲಿಲ್ಲ. ಭಾಷಣ ಕೇಳಿಸುತ್ತಾ ಇರುತ್ತದಲ್ಲ, ಮುಗಿದ ಕೂಡಲೇ ಎಚ್ಚರ ಆಗುತ್ತದೆ ಅಂದುಕೊಂಡೆ.

"ಅಣ್ಣಾ ಏಳ್ರಿ, ಆಗಲೇ ಹೆಸರು ಕೂಗ್ತಿದಾರೆ!" ಪ್ಯಾಡ್ ಹುಡುಗ ಟೆಂಪೋ ಬಾಗಿಲು ಬಡಿದಾಗ ಒಂಬತ್ತು ಐದು. ಒಂದು ಗಂಟೆ ಆಗಿಹೋಗಿತ್ತು. ಒಂದು ಗಂಟೆ ನಿದ್ದೆ ಸಿಕ್ಕಿತಲ್ಲ, ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಅಲ್ಲ. ನಿದ್ದೆಗೆಟ್ಟ ಮೈ ಬೇಗ ಆಳದ ನಿದ್ದೆಗೆ ಇಳಿಯುತ್ತದೆ. ಅಲ್ಲಿಂದ ಎಳೆದು ಎಬ್ಬಿಸಿದರೆ ತಲೆ ತಿಳಿಯಾಗಲು ಅರ್ಧ ಗಂಟೆಯಾದರೂ ಬೇಕು. ಎದ್ದು ನಡೆಯುತ್ತೀರಿ, ಮಾತಾಡುತ್ತೀರಿ, ಆದರೆ ಒಳಗೆ ಯಾರೂ ಇಲ್ಲ. ನನಗೆ ಸಿಕ್ಕಿದ್ದು ಐದು ನಿಮಿಷ. ಮುಖಕ್ಕೆ ನೀರು ಹಾಕಿಕೊಂಡು ಹತ್ತಿದೆ.

ಓನರ್ ಕಿವಿಯಲ್ಲಿ ಹೇಳಿದ್ದು ಒಂದೇ: "ಹತ್ತಕ್ಕೆ ಪೊಲೀಸ್ರು ಮೈಕ್ ಆಫ್ ಮಾಡಿಸ್ತಾರೆ. ಗ್ಯಾಪ್ ಬೇಡ, ಒಂದರ ಹಿಂದೆ ಒಂದು ಹೊಡೀರಿ." ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತಡೆ ಇರುವುದು 2000ದಿಂದ. ಆದರೂ ಭಾಷಣ ಮಾಡುವವರಿಗೆ ಅದು ಪ್ರತಿ ವರ್ಷ ಹೊಸ ಸುದ್ದಿ.

ಮೊದಲ ಹಾಡು ಗಣಪತಿ ಸ್ತುತಿ. ಕೈ ತಾನಾಗಿಯೇ ನುಡಿಸಿತು. ಎರಡನೆಯದು ನಮ್ಮ ಗಾಯಕಿ ಅಕ್ಕನ ಹಾಡು. ಅವರ ಸ್ಕೇಲಿಗೆ ಟ್ರಾನ್ಸ್‌ಪೋಸ್ ಪ್ಲಸ್ ಮೂರು ಮಾಡಿಕೊಂಡೆ, ಅಂದ್ರೆ ಒತ್ತುವ ಕೀ ಅದೇ ಇದ್ದರೂ ಸ್ವರ ಮೂರು ಮನೆ ಮೇಲೆ ಕೇಳಿಸುವ ಹಾಗೆ. ಚೆನ್ನಾಗಿಯೇ ಹೋಯಿತು. ಚಪ್ಪಾಳೆ ನಿಲ್ಲುವ ಮೊದಲೇ ಪ್ಯಾಡ್ ಹುಡುಗ ಮೂರನೆಯದಕ್ಕೆ ಕೌಂಟ್ ಕೊಟ್ಟ. ಅಣ್ಣನ ಹಾಡು, ಡಿ ಮೈನರ್ ಸ್ಕೇಲ್. ನಾನು ಡಿ ಮೈನರ್ ಹಿಡಿದೆ. ಟ್ರಾನ್ಸ್‌ಪೋಸ್ ಪ್ಲಸ್ ಮೂರರಲ್ಲೇ ಇತ್ತು.

ಬೇಸ್ ಗಿಟಾರಿನವನು ಇದ್ದಿದ್ದರೆ ಮೊದಲ ಸಾಲಿನಲ್ಲೇ ಅಪಸ್ವರ ಬಂದು ಗೊತ್ತಾಗುತ್ತಿತ್ತು. ಖರ್ಚು ಜಾಸ್ತಿ ಅಂತ ಓನರ್ ಅವನನ್ನು ಕೈಬಿಟ್ಟು ವರ್ಷವಾಗಿದೆ. ಈಗ ಬೇಸೂ ನನ್ನ ಎಡಗೈಯಲ್ಲೇ. ಹಾಗಾಗಿ ಇಡೀ ಹಾಡು ಒಗ್ಗಟ್ಟಾಗಿ ಮೂರು ಮನೆ ಮೇಲೆ ಹೋಗಿ ಕೂತಿತ್ತು, ಯಾರಿಗೂ ಅನುಮಾನ ಇಲ್ಲ.

ಪಲ್ಲವಿಯಲ್ಲಿ ಅಣ್ಣ ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಚೆನ್ನಾಗಿ ಬರ್ತಿದೆ ಅನ್ನುವ ಹಾಗೆ. ಬಿಜಿಎಂನಲ್ಲಿ, ಅಂದ್ರೆ ನಡುವೆ ಬರೀ ವಾದ್ಯ ನುಡಿಯುವಾಗ, ಮತ್ತೆ ನೋಡಿದರು. ಕತ್ತಿನ ನರ ಎದ್ದು ಕಾಣುತ್ತಿತ್ತು. ಇವರ ಗಂಟಲು ಇವತ್ತು ಕೈಕೊಟ್ಟಿದೆ ಅಂದುಕೊಂಡೆ ನಾನು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಇಷ್ಟೆಲ್ಲ ಪಥ್ಯ ಮಾಡಿ ಏನು ಬಂತು ಅಂತ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಇದನ್ನು ಬರೆಯಲು ಈಗ ಕಷ್ಟ ಆಗ್ತಿದೆ.

ಚರಣದಲ್ಲಿ ತಾರಸ್ಥಾಯಿಯ ಪಂಚಮ ಇದೆ. ದಿನವೂ ಸಲೀಸಾಗಿ ಮುಟ್ಟುವ ಜಾಗ. ಅವತ್ತು ಅದರ ಮೇಲೆ ಇನ್ನೂ ಮೂರು ಮೆಟ್ಟಿಲು. ಅಣ್ಣ ಹತ್ತಿದರು. ದನಿ ಎರಡು ಸೀಳಾಗಿ ಒಡೆಯಿತು. ಮುಂದೆ ಕೂತ ಹುಡುಗರು ಹೋ ಅಂದರು. ಆಗ ನನ್ನ ಕಣ್ಣು ಡಿಸ್‌ಪ್ಲೇ ಮೂಲೆಗೆ ಹೋಯಿತು. ಸಾಸಿವೆ ಗಾತ್ರದಲ್ಲಿ ಪ್ಲಸ್ ಮೂರು. ಇದನ್ನು ಇಷ್ಟು ಸಣ್ಣದಾಗಿ ತೋರಿಸಬೇಕು ಅಂತ ತೀರ್ಮಾನ ಮಾಡಿದವರು ಯಾರೋ, ಒಂದು ಸೀಸನ್ ನಮ್ಮ ಜೊತೆ ಬರಲಿ.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಚರಣ ಮುಗಿಸಿ, ಮುಂದಿನ ಬಿಜಿಎಂಗೆ ಪ್ಯಾಡ್ ಒಂದೇ ಇಟ್ಟು, ಸದ್ದಿಲ್ಲದೆ ಸರಿ ಮಾಡಬಹುದಿತ್ತು. ಎಚ್ಚರ ಇರುವವನು ಮಾಡುವುದು ಅದನ್ನೇ. ನಾನು ಸಾಲಿನ ನಡುವೆಯೇ ಎರಡು ಬಟನ್ ಒಟ್ಟಿಗೆ ಒತ್ತಿ ಸೊನ್ನೆಗೆ ತಂದೆ. ಹಾಡು ದೊಪ್ಪಂತ ಮೂರು ಮನೆ ಕೆಳಗೆ ಬಿತ್ತು. ಅಣ್ಣ ಮೇಲೆ, ನಾನು ಕೆಳಗೆ. ಎಂಟು ಮಾತ್ರೆ ಕಾಲ ಅದು ಹಾಡೂ ಅಲ್ಲ, ಗದ್ದಲವೂ ಅಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು. ಮೂರು ಮೊಬೈಲ್ ಮೇಲೆದ್ದವು. ಅಣ್ಣನೇ ಮೈಕ್ ಕೆಳಗಿಟ್ಟು, ಉಸಿರು ತಗೊಂಡು, ಪಲ್ಲವಿಯನ್ನು ಸರಿಯಾದ ಸ್ಕೇಲಿನಲ್ಲಿ ಹಿಡಿದು ಹಾಡು ಮುಗಿಸಿದರು.

ಆ ವಿಡಿಯೋ ಮರುದಿನ ನಮ್ಮ ಬೀದಿಯ ಗ್ರೂಪಿಗೂ ಬಂತು. ಕೆಳಗೆ ಬರೆದಿದ್ದೆಲ್ಲ ಅಣ್ಣನ ಗಂಟಲಿನ ಬಗ್ಗೆ. ವಯಸ್ಸಾಯ್ತು, ಬಿಡಬೇಕು ಅಂತ. ಕೀಬೋರ್ಡಿನವನ ಬಗ್ಗೆ ಒಂದಕ್ಷರ ಇಲ್ಲ. ಅವತ್ತು ಆ ಸ್ಟೇಜಿನಲ್ಲಿ ನಿದ್ದೆ ಮಾಡಿ ಬಂದವರು ಅವರೊಬ್ಬರೇ. ಓನರ್ ನನ್ನ ಪೇಮೆಂಟಿನಲ್ಲಿ 500 ಹಿಡಿದರು. ಅಣ್ಣ ಮಾತ್ರ ಸ್ಟೇಜ್ ಇಳಿದು ಫ್ಲಾಸ್ಕ್ ಮುಚ್ಚಳಕ್ಕೆ ನೀರು ಬಗ್ಗಿಸಿ ನನ್ನ ಕೈಗೆ ಕೊಟ್ಟು, "ಎಷ್ಟು ಹೊತ್ತು ಮಲಗಿದ್ಯಪಾ ನೀನು?" ಅಂತ ಕೇಳಿದರು. ಟೆಂಪೋದಲ್ಲಿ ಮಲಗಿದ್ದನ್ನು ಹೇಳಲೋ, ಮನೆಯಲ್ಲಿ ಮಲಗದೇ ಇದ್ದದ್ದನ್ನು ಹೇಳಲೋ ತಿಳಿಯದೆ ಸುಮ್ಮನೆ ನೀರು ಕುಡಿದೆ.

ಈಗ ಪ್ರೋಗ್ರಾಂ ದಿನ ಬೆಳಿಗ್ಗೆ ಕ್ಲಾಸ್ ಇಟ್ಟುಕೊಳ್ಳುವುದಿಲ್ಲ. ಊಟ ಆದ ಮೇಲೆ ಒಂದೂವರೆ ಗಂಟೆ ಮಲಗುತ್ತೇನೆ. ಅಷ್ಟು ಸಿಗದಿದ್ದರೆ ಸ್ಟೇಜ್ ಹಿಂದೆ 20 ನಿಮಿಷ, ಅಲಾರಂ ಇಟ್ಟೇ. ಟೀ ಕುಡಿದು ಆ ಕೂಡಲೇ ಒರಗುವುದು ಒಳ್ಳೆಯದು. ಏಳುವ ಹೊತ್ತಿಗೆ ಟೀ ಕೆಲಸ ಶುರು ಮಾಡಿರುತ್ತದೆ. ಸಂಜೆ ಆರರ ಮೇಲೆ ಟೀ ಇಲ್ಲ. ಕುಡಿದ ಟೀಯ ಅರ್ಧದಷ್ಟು ಕೆಫೀನ್ ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಪ್ರೋಗ್ರಾಂ ಮುಗಿಸಿ ಹಾಸಿಗೆಗೆ ಬಿದ್ದಾಗ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುವ ಕಾಯಿಲೆ ನಮ್ಮವರಿಗೆಲ್ಲ ಬರುವುದು ಇದರಿಂದಲೇ ಇರಬೇಕು. ಮೆಣಸಿನಕಾಯಿಯನ್ನು ಪೊಟ್ಟಣ ಕಟ್ಟಿಸಿ ಇಟ್ಟುಕೊಳ್ಳುತ್ತೇನೆ. ತಣ್ಣಗಾದ ಮೇಲೆ ಅದೇನು ರುಚಿ ಬಿಡಿ. ಸೌಂಡ್ ಚೆಕ್ ಮೂರಕ್ಕೆ ಅನ್ನುವುದು ಮಾತ್ರ ಬದಲಾಗಿಲ್ಲ. ಸೌಂಡ್‌ನವರು ಈಗಲೂ ಐದಕ್ಕೇ ಬರುತ್ತಾರೆ.

ಅಣ್ಣ ಈಗ ಪ್ರತಿ ಹಾಡಿಗೂ ಮೊದಲು ನನ್ನ ಕಡೆ ತಿರುಗಿ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ತೋರಿಸುತ್ತಾರೆ. ನಾನು ಡಿಸ್‌ಪ್ಲೇ ನೋಡಿ ತಿರುಗಿ ಸೊನ್ನೆ ತೋರಿಸಬೇಕು. ಆಮೇಲೇ ಕೌಂಟ್. ಮೊನ್ನೆ ಹೊಳಲ್ಕೆರೆಯಲ್ಲಿ ಮುಂದಿನ ಸಾಲಿನ ಹುಡುಗರು ಅದನ್ನು ಸೂಪರ್ ಅಂದ ಹಾಗೆ ತಿಳಿದು, ಹಾಡು ಶುರುವಾಗುವ ಮೊದಲೇ ಎಲ್ಲರೂ ಕೈ ಎತ್ತಿ ಸೊನ್ನೆ ಮಾಡಿದರು. ಅಣ್ಣ ನಗು ತಡೆಯಲಾಗದೆ ಮೈಕ್ ಪಕ್ಕಕ್ಕೆ ಹಿಡಿದರು.