ಡೈವಿಂಗ್ ಕಾರ್ಡ್ ಇದ್ದರೆ ಸಾಲದಾ?

"ಓಪನ್ ವಾಟರ್ ಕಾರ್ಡ್ ಇದೆಯಲ್ಲ, ಮತ್ತೆ ಸೈಂಟಿಫಿಕ್ ಡೈವರ್ ಅಂತ ಇನ್ನೊಂದು ಯಾಕೆ? ಆ ಅಕಾಡೆಮಿಗೆ ವರ್ಷಾ ವರ್ಷ ದುಡ್ಡು ಕಟ್ಟಿದರೆ ಏನು ಸಿಗುತ್ತೆ?" ಕಡಲ ಜೀವಶಾಸ್ತ್ರ ಓದಲು ಅಮೆರಿಕಕ್ಕೆ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಇದನ್ನೇ. ನಾನು ಡೈವ್ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಇಲ್ಲಿಯ ಲೆಕ್ಕದಲ್ಲೇ ಹೇಳುತ್ತೇನೆ. ಓಪನ್ ವಾಟರ್ ಕಾರ್ಡ್ ಅಂದರೆ ಮಜಾಕ್ಕೆ ಡೈವ್ ಮಾಡುವವರ ಮೊದಲ ಸರ್ಟಿಫಿಕೇಟ್. ಸೈಂಟಿಫಿಕ್ ಡೈವರ್ ಅಂದರೆ ಸಂಶೋಧನೆಗಾಗಿ ನೀರಿಗೆ ಇಳಿಯುವವರು.

ಅಮೆರಿಕನ್ ಅಕಾಡೆಮಿ ಆಫ್ ಅಂಡರ್‌ವಾಟರ್ ಸೈನ್ಸಸ್, ಅಂದರೆ ಎಎಯುಎಸ್, ತಾನೇ ಯಾರನ್ನೂ ಡೈವರ್ ಮಾಡುವುದಿಲ್ಲ. ಅದು ನಿಯಮ ಬರೆಯುತ್ತದೆ. ಆ ನಿಯಮದ ಪ್ರಕಾರ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುವುದು ಸದಸ್ಯತ್ವ ಪಡೆದ ವಿಶ್ವವಿದ್ಯಾಲಯ, ಅಕ್ವೇರಿಯಂ ಅಥವಾ ಸಂಶೋಧನಾ ಸಂಸ್ಥೆ. ನೀವೊಬ್ಬರೇ ದುಡ್ಡು ಕಟ್ಟಿ ಸದಸ್ಯರಾದರೆ ಯಾವ ದೋಣಿಯಿಂದಲೂ ನೀರಿಗೆ ಇಳಿಯುವ ಹಕ್ಕು ಸಿಗುವುದಿಲ್ಲ.

ಇಷ್ಟೆಲ್ಲ ಸುತ್ತು ಯಾಕೆ ಅಂದರೆ, 1977ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಕಮರ್ಷಿಯಲ್ ಡೈವಿಂಗ್‌ಗೆ ನಿಯಮ ತಂದಿತು. ನೀರಿನಡಿ ವೆಲ್ಡಿಂಗ್ ಮಾಡುವ, ಕಂಬ ನಿಲ್ಲಿಸುವ ಜನರಿಗೆ ಅದು ಸರಿ. 100 ಅಡಿಗಿಂತ ಆಳಕ್ಕೆ ಇಳಿದರೆ ಸ್ಥಳದಲ್ಲೇ ಡಿಕಂಪ್ರೆಷನ್ ಚೇಂಬರ್, ಅಂದರೆ ಡೈವರ್‌ನನ್ನು ಒಳಗೆ ಕೂರಿಸಿ ಗಾಳಿಯ ಒತ್ತಡವನ್ನು ನಿಧಾನವಾಗಿ ಇಳಿಸುವ ಕೋಣೆ, ಇರಬೇಕು ಎಂದಿತು. ಮೀನು ಎಣಿಸಲು ಪುಟ್ಟ ದೋಣಿಯಲ್ಲಿ ಹೋಗುವವರು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಸ್ಯಾನ್ ಡಿಯಾಗೋ ಬಳಿಯ ಸ್ಕ್ರಿಪ್ಸ್ ಕಡಲ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಿಂದಲೇ ವಿಜ್ಞಾನಿಗಳಿಗೆ ಡೈವಿಂಗ್ ಕಲಿಸುತ್ತಿದ್ದರು. ನಮ್ಮನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬ ವಾದಕ್ಕೆ ಆ ಅನುಭವದ ಬಲವಿತ್ತು. 1982ರಲ್ಲಿ ಸೈಂಟಿಫಿಕ್ ಡೈವಿಂಗ್‌ಗೆ ಆ ನಿಯಮದಿಂದ ವಿನಾಯಿತಿ ಸಿಕ್ಕಿತು.

ಪುಕ್ಕಟೆ ಅಲ್ಲ. ಸಂಸ್ಥೆಗೆ ಲಿಖಿತ ಸುರಕ್ಷತಾ ಕೈಪಿಡಿ ಇರಬೇಕು. ಡೈವಿಂಗ್ ನಿಯಂತ್ರಣ ಮಂಡಳಿ ಇರಬೇಕು, ಅದರಲ್ಲಿ ಬಹುಪಾಲು ಜನ ಈಗಲೂ ಡೈವ್ ಮಾಡುತ್ತಿರಬೇಕು. ನೀರಿಗಿಳಿಯುವವರು ವಿಜ್ಞಾನಿಗಳೋ ವಿಜ್ಞಾನ ಕಲಿಯುತ್ತಿರುವವರೋ ಆಗಿರಬೇಕು. ನೋಡುವುದು, ಮಾಹಿತಿ ಕೂಡಿಸುವುದು ಇಷ್ಟೇ ಕೆಲಸ, ಕಟ್ಟುವುದು ರಿಪೇರಿ ಮಾಡುವುದು ಅಲ್ಲ. ಸಿಕ್ಕ ಮಾಹಿತಿ ಕಂಪನಿಯೊಂದರ ಗುಟ್ಟಾಗಿ ಉಳಿಯುವಂತಿಲ್ಲ. ನನಗೆ ತುಂಬ ಇಷ್ಟವಾದ ಷರತ್ತು ಇದು. ನೀವು ಎಣಿಸಿದ್ದು ಎಲ್ಲರಿಗೂ ಸೇರಬೇಕು, ಇಲ್ಲದಿದ್ದರೆ ವಿನಾಯಿತಿಯೇ ಇಲ್ಲ.

ತರಬೇತಿ ಕನಿಷ್ಠ 100 ಗಂಟೆ, ತೆರೆದ ನೀರಿನಲ್ಲಿ ಕನಿಷ್ಠ 12 ಡೈವ್. ಅದಕ್ಕೂ ಮುಂಚೆ ವೈದ್ಯಕೀಯ ಪರೀಕ್ಷೆ, ಈಜು ಪರೀಕ್ಷೆ: 400 ಗಜ 12 ನಿಮಿಷದೊಳಗೆ, 25 ಗಜ ಮೇಲೆ ಬಾರದೆ ನೀರಿನಡಿಯಲ್ಲಿ. ಪ್ರಥಮ ಚಿಕಿತ್ಸೆ, ಸಿಪಿಆರ್, ಆಕ್ಸಿಜನ್ ಕೊಡುವುದು ಗೊತ್ತಿರಬೇಕು. ಮಜಾ ಮಾಡಲು ಇಳಿದಾಗ ಗಮನವೆಲ್ಲ ಗಾಳಿ, ಆಳ, ಜೊತೆಗಾರರ ಮೇಲೆ. ಕೆಲಸಕ್ಕೆ ಇಳಿದರೆ ಕೈಯಲ್ಲಿ ಸ್ಲೇಟ್, ತಳದಲ್ಲಿ ಹಾಸಿದ ಅಳತೆ ಟೇಪ್, ಮೈಗೆ ಸುತ್ತಿಕೊಳ್ಳುವ ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿ, ಮರಗಟ್ಟುವ ಬೆರಳು. ಕಡಲಚಿಳ್ಳೆ (ಮೈತುಂಬ ಮುಳ್ಳಿರುವ ಸೀ ಅರ್ಚಿನ್) ಎಣಿಸುತ್ತ ಎಣಿಸುತ್ತ ಗಾಳಿಯ ಗೇಜ್ ಮರೆತುಹೋಗುವುದು ಸಲೀಸು! ತರಬೇತಿ ಇರುವುದೇ ಎರಡನ್ನೂ ಒಟ್ಟಿಗೆ ನಿಭಾಯಿಸಲು.

ಪಾಸಾದ ಮೇಲೂ ವರ್ಷಕ್ಕೆ ಕನಿಷ್ಠ 12 ಡೈವ್ ಮಾಡುತ್ತಿರಬೇಕು. ಆಳದ ಅನುಮತಿಯೂ ಮೆಟ್ಟಿಲು ಮೆಟ್ಟಿಲಾಗಿ: 30 ಅಡಿ, 60, 100, ಹೀಗೆ.

ಇನ್ನು ಸದಸ್ಯತ್ವ. ಅಸಲಿ ಬೆಲೆ ಸಂಸ್ಥೆಯ ಸದಸ್ಯತ್ವಕ್ಕೆ. ಬೇರೆ ವಿಶ್ವವಿದ್ಯಾಲಯದ ಪ್ರಾಜೆಕ್ಟ್‌ಗೆ ಹೋಗಬೇಕಾದಾಗ ನಿಮ್ಮ ಡೈವಿಂಗ್ ಸೇಫ್ಟಿ ಆಫೀಸರ್ ಒಂದು ಪತ್ರ ಕಳಿಸುತ್ತಾರೆ. ಇವರ ತರಬೇತಿ ಇಷ್ಟು, ಆಳ ಇಷ್ಟು, ಕೊನೆಯ ಡೈವ್ ಯಾವಾಗ ಅಂತ. ಎರಡೂ ಕಡೆ ಒಂದೇ ನಿಯಮ ಇರುವುದರಿಂದ ಮೊದಲಿನಿಂದ ಕಲಿಯಬೇಕಿಲ್ಲ. ಆದರೂ ಆ ಕಡೆಯವರು ನಿಮ್ಮನ್ನು ಪರೀಕ್ಷಿಸಲು ಒಂದು ಚೆಕ್ ಡೈವ್ ಕೇಳಬಹುದು, ಬೇಜಾರು ಮಾಡಿಕೊಳ್ಳಬೇಡಿ. ಸಂಸ್ಥೆ ಬಿಟ್ಟರೆ ಅದರ ಅನುಮತಿಯೂ ಮುಗಿಯುತ್ತದೆ, ಅದಕ್ಕೇ ಲಾಗ್ ಪುಸ್ತಕದ ಪ್ರತಿ ನಿಮ್ಮ ಹತ್ತಿರವೂ ಇರಲಿ.

ವೈಯಕ್ತಿಕ ಸದಸ್ಯತ್ವ? ವಿದ್ಯಾರ್ಥಿಯಾಗಿದ್ದರೆ ತೆಗೆದುಕೊಳ್ಳಿ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು, ವಾರ್ಷಿಕ ಸಮ್ಮೇಳನದಲ್ಲಿ ಕೆಲಸ ಕೊಡುವವರ ಪರಿಚಯವಾಗುತ್ತದೆ. ಸುಮ್ನೆ ರೆಸ್ಯೂಮೆಯಲ್ಲಿ ಒಂದು ಸಾಲು ಜಾಸ್ತಿ ಆಗಲಿ ಅಂತಾದರೆ ಬೇಡ.

ಊರಿನಿಂದ ಹೊರಡುವವರಿಗೆ ಇನ್ನೊಂದು ಮಾತು. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಂದು ದಿನದ ಟ್ರಯಲ್ ಡೈವ್ ಮಾಡಿ ಬಂದರೆ ಸಿಗುವ ಹಾಳೆ ಇಲ್ಲಿ ಲೆಕ್ಕಕ್ಕಿಲ್ಲ. ಪೂರ್ತಿ ಓಪನ್ ವಾಟರ್ ಕೋರ್ಸ್ ಮುಗಿಸಿ ಬನ್ನಿ. ಮಿಕ್ಕಿದ್ದನ್ನು ಇಲ್ಲಿ ಕಲಿಸುತ್ತಾರೆ.